ಬೇರು ಬಚ್ಚಿಟ್ಟವರು — ಕಂತು ೫: ಕೋಳಿಗಳ ಬಾರ್ಲಿ

ವಿಮೆತಾಲ್ ಕಾಳನ್ನು ಮುಂಬಲ್ಲುಗಳ ನಡುವೆ ಇಟ್ಟು ಕಟಕ್ಕೆಂದು ಕಡಿದ. ಒಂದು ಚೂರನ್ನು ನಾಲಿಗೆಯ ಮೇಲೆ ಹೊರಳಾಡಿಸಿದ. ಇನ್ನೊಂದನ್ನು ಅಂಗೈ ಮೇಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದ.

“ಹುರಿದಿದಾರೆ,” ಎಂದ.

“ಅದು ನನಗೂ ಗೊತ್ತಪ್ಪ. ಹುರಿದಿದ್ದು ಯಾರು ಅಂತ ಕೇಳೋಕೆ ಬಂದಿದೀನಿ,” ಎಂದ ಪತ್ತೇದಾರ ಓತಕರ್ ಸ್ಕೌಪಿಲ್.

ಡಾಕ್ಟರ್ ವ್ಲಾಸ್ತಾ ಅರ್ಧ ಆಯುಸ್ಸು ಸವೆಸಿ ಬೆಳೆಸಿದ ದೊಡ್ಡ ಬೇರಿನ ಬಾರ್ಲಿ, ಸಂಶೋಧನಾ ಕೇಂದ್ರದ ತಾಕಿನಿಂದ ಮಾಯವಾಗಿತ್ತು. ಅದು ಇರಬೇಕಾದ ಜಾಗದಲ್ಲಿ ಮಾಮೂಲಿ ಬಾರ್ಲಿ ನಿಂತಿತ್ತು. ಆಪತ್ತಿಗೆಂದು ಡಬ್ಬಿಯಲ್ಲಿ ಉಳಿಸಿಟ್ಟಿದ್ದ ಬೀಜವೂ ಹುರಿದು ಸತ್ತಿತ್ತು. ಶುಕ್ರವಾರ ಆ ಬಾರ್ಲಿ ನೋಡಲು ಪರೀಕ್ಷಕರು ಬರುವವರಿದ್ದರು.

ಬಿಯರಿಗೆಂದು ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸುವ ವಿಮೆತಾಲ್‌ನ ಮಾಲ್ಟ್ ಕಾರ್ಖಾನೆಯ ಕಲ್ಲುನೆಲದ ಮೇಲೆ ಆ ಋತುವಿನ ಕೊನೆಯ ರಾಶಿ ಹರಡಿಕೊಂಡು ಮೊಳಕೆಯೊಡೆಯುತ್ತಿತ್ತು. ಒಳಗೆಲ್ಲ ಎಳೆ ಸೌತೆಕಾಯಿಯನ್ನು ಆಗತಾನೆ ಹೆಚ್ಚಿಟ್ಟಂಥ ವಾಸನೆ. ಮರದ ಸಲಿಕೆ ಹಿಡಿದು ಬರಿಗಾಲಲ್ಲಿ ನಿಂತಿದ್ದ ವಿಮೆತಾಲ್‌ಗೆ ಐವತ್ತು ದಾಟಿತ್ತು, ಆದರೆ ತೋಳುಗಳಿಗೆ ಆ ಸುದ್ದಿ ಮುಟ್ಟಿದಂತಿರಲಿಲ್ಲ.

“ಆ ಬಾರ್ಲೀನ ಹಂದಿಗೆ ಹಾಕ್ಬೇಕು ಅಂತ ಬಿಯರ್ ಅಂಗಡೀಲಿ ಎಲ್ಲರ ಮುಂದೆ ಕೂಗಾಡಿದೋರು ನೀವೇ ತಾನೆ?” ಎಂದು ಸ್ಕೌಪಿಲ್ ಕೇಳಿದ.

“ಕೂಗಾಡಿದೆ. ಈಗ್ಲೂ ಕೂಗ್ತೀನಿ, ಬೇಕಾದ್ರೆ ಕಿಟಕಿ ತೆಗೀರಿ. ಬೇರು ದೊಡ್ಡದಾದ್ರೆ ನೆಲದ ಗೊಬ್ಬರನೆಲ್ಲ ಹೀರಿ ಕಾಳಿಗೆ ತುಂಬ್ಕೊಳುತ್ತೆ. ಕಾಳಲ್ಲಿ ಪ್ರೋಟೀನ್ ಜಾಸ್ತಿ ಆದ್ರೆ ಬಿಯರು ಮಬ್ಬಾಗುತ್ತೆ. ಮಬ್ಬು ಬಿಯರ್ ಕುಡಿದೋನು ನನ್ನ ಮಣ್ಣಿಗೆ ಬಂದಾನೇ ಹೊರತು ಇನ್ನೊಂದು ಸಲ ನನ್ನ ಮಾಲ್ಟ್ ಕೊಳ್ಳೋಕೆ ಬರಲ್ಲ.”

“ಬೀಜದ ಕೋಣೆಗೆ ವಾರವಾರ ಹೋಗೋರೂ ನೀವೇ.”

“ಕಾಳಿನ ತೇವ ನೋಡೋಕೆ ಅವರೇ ಕರೀತಾರೆ, ಹೋಗ್ತೀನಿ.”

“ಕಾಳು ಒಣಗಿಸೋ ಭಟ್ಟೀನೂ ನಿಮ್ಮ ಹತ್ರ ಇದೆ.”

ವಿಮೆತಾಲ್‌ನ ಮುಖ ಕೆಂಪೇರಿತು. ಸಲಿಕೆಯನ್ನು ಗೋಡೆಗೆ ಒರಗಿಸಿ, “ಬನ್ರೀ ಇಲ್ಲಿ,” ಎಂದು ನಡೆದೇಬಿಟ್ಟ. ಸ್ಕೌಪಿಲ್ ಹಿಂದೆ ಹೋದ. ಮೊಣಕಾಲಿಗೆ ಮೆಟ್ಟಿಲು ಹಿಡಿಸದಿದ್ದರೂ ಕೋಪಗೊಂಡ ಮನುಷ್ಯನ ಹಿಂದೆ ಹೋಗುವುದು ಅವನಿಗೆ ಮೊದಲಿನಿಂದಲೂ ಇಷ್ಟ. ಒಲೊಮೌತ್ಸ್‌ನ ಪೊಲೀಸ್ ಇಲಾಖೆಯಲ್ಲಿ ಕ್ಯಾಪ್ಟನ್ ಆಗಿದ್ದಾಗ ಅರ್ಧದಷ್ಟು ಪ್ರಕರಣಗಳನ್ನು ಅವನು ಬಿಡಿಸಿದ್ದು ಹಾಗೆಯೇ. ನಿಜವಾದ ಕೋಪ ಬಂದವನು ಕೈಹಿಡಿದು ಕರೆದೊಯ್ದು ಎಲ್ಲ ತೋರಿಸುತ್ತಾನೆ.

ಭಟ್ಟಿಯ ತೂತು ತಗಡಿನ ಮೇಲೆ ಒಣಗುತ್ತಿದ್ದ ಮಾಲ್ಟನ್ನು ವಿಮೆತಾಲ್ ಬೊಗಸೆಯಲ್ಲಿ ಎತ್ತಿ ಅವನ ಮೂಗಿನ ಕೆಳಗೆ ಹಿಡಿದ.

“ನೋಡಿ. ಹುಲ್ಲಿನ ಬಣ್ಣ. ಕೆಳಗಿಂದ ಬರೀ ಬಿಸಿಗಾಳಿ ಬರುತ್ತೆ, ಮೇಲೆ ನಾವು ತಿರುವಿ ಹಾಕ್ತಾನೇ ಇರ್ತೀವಿ. ಇಲ್ಲಿ ಒಂದು ಕಾಳು ಕೆಂಪಾದ್ರೂ ನಮ್ಮಪ್ಪ ಗೋರಿಯಿಂದ ಎದ್ದು ಬಂದು ಕಪಾಳಕ್ಕೆ ಬಾರಿಸ್ತಾನೆ. ಈಗ ನಿಮ್ಮ ಕಾಳು ತೆಗೀರಿ.”

ಸ್ಕೌಪಿಲ್ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ.

“ಒಂದು ಮಗ್ಗುಲು ಕಂದು, ಇನ್ನೊಂದು ಮಗ್ಗುಲು ಬಿಳಿಚು. ತಟ್ಟೆ ಮೇಲೆ ಹರಡಿ ಒಲೆ ಒಳಗೆ ಇಟ್ಟಿದಾರೆ, ತಿರುವಿ ಹಾಕಿಲ್ಲ. ಆದ್ರೆ ಗಡಿಬಿಡಿ ಕೆಲಸ ಅಲ್ಲ ಇದು. ಸಣ್ಣ ಉರಿ. ಒಂದು ಕಾಳೂ ಬಿರಿದಿಲ್ಲ. ದೂರದಿಂದ ನೋಡಿದ್ರೆ ಬೀಜದ ಹಾಗೇ ಕಾಣ್ಬೇಕು ಅಂತ ಹುಷಾರಾಗಿ ಮಾಡಿದಾರೆ. ಈಗ ಮೂಸಿ.”

ಸ್ಕೌಪಿಲ್ ಮೂಸಿದ. ಮೊದಲು ಬಿಸ್ಕತ್ತಿನ ಪರಿಮಳ. ಅದರ ಅಡಿಯಲ್ಲಿ ಇನ್ನೇನೋ ಇತ್ತು, ಸಣ್ಣದು, ತೀರ ಪರಿಚಿತವಾದದ್ದು. ಅಮ್ಮ ಉಪ್ಪಿನ ಬ್ರೆಡ್ಡಿನ ಮೇಲೆ ಉದುರಿಸುತ್ತಿದ್ದದ್ದು.

“ಶಾಜೀರಿಗೆ,” ಎಂದ.

“ಶಾಜೀರಿಗೆ! ನನ್ನ ಭಟ್ಟೀಲಿ ಶಾಜೀರಿಗೆ ಎಲ್ಲಿಂದ ಬರುತ್ತೆ? ಇದು ಬ್ರೆಡ್ ಬೇಯಿಸೋ ತಟ್ಟೆ. ಯಾರದೋ ಅಡುಗೆಮನೆ.”

“ಹನಾ ಸೀಮೇಲಿ ಶಾಜೀರಿಗೆ ಇಲ್ಲದ ಅಡುಗೆಮನೆ ಯಾವುದಿದೆ ಮಾರಾಯ?”

“ಹಾಗಾದ್ರೆ ಎಲ್ಲರ ಮನೇಲೂ ಒಂದೊಂದು ಊಟ ಮಾಡ್ಕೊಂಡು ಬನ್ನಿ.” ವಿಮೆತಾಲ್ ಅವನ ಹೊಟ್ಟೆಯತ್ತ ಕಣ್ಣು ಹಾಯಿಸಿದ. “ನಿಮಗೇನು ಅದು ಕಷ್ಟದ ಕೆಲಸ ಅಲ್ಲ.”

ಸ್ಕೌಪಿಲ್ ನಕ್ಕುಬಿಟ್ಟ. ಅವನ ಪಟ್ಟಿಯಲ್ಲಿ ಮೊದಲಿದ್ದ ಶಂಕಿತ ಹೀಗೆ ಕಳಚಿಕೊಂಡಿದ್ದ, ಅದೂ ತಾನೇ ಒಂದು ಒಳ್ಳೆಯ ಸುಳಿವು ಕೈಗಿಟ್ಟು. ಹೊರಡುವಾಗ ವಿಮೆತಾಲ್ ಬಾಗಿಲವರೆಗೆ ಬಂದ.

“ಕ್ಯಾಪ್ಟನ್ರೇ, ಒಂದ್ಮಾತು. ನನಗೆ ಆ ಬಾರ್ಲಿ ಬೇಡ, ನಿಜ. ಆದ್ರೆ ವ್ಲಾಸ್ತಾ ಹೆಸರಿಗೆ ಮಸಿ ಬಳಿಯೋದೂ ಬೇಡ. ಇಲ್ಲದ ಬೇರನ್ನ ಇದೆ ಅಂತ ಸುಳ್ಳು ಹೇಳಿದ್ಲು ಅಂತ ಊರು ಮಾತಾಡ್ತಿದೆ. ಅವಳು ಹಾಗಲ್ಲ. ಹುಡುಕಿಕೊಡಿ ಪಾಪ.”

*

ಹಿಂದಿನ ದಿನ ಚೆನ್ನಾಗಿ ಮಳೆ ಸುರಿದಿತ್ತು. ರಸ್ತೆಯ ಎರಡೂ ಕಡೆ ಬಾರ್ಲಿಯ ತೆನೆಗಳು ಬೆಳ್ಳಿಕೂದಲು ಬಿಚ್ಚಿಕೊಂಡು ಒಂದೇ ಸಮನೆ ತೂಗುತ್ತಿದ್ದವು. ಸ್ಕೌಪಿಲ್ ಸೈಕಲ್ಲನ್ನು ಅದರ ಪಾಡಿಗೆ ಬಿಟ್ಟು ನಿಧಾನವಾಗಿ ತುಳಿದ. ಹೆಗಲಿನ ಚೀಲದಲ್ಲಿ ವ್ಲಾಸ್ತಾ ಕೊಟ್ಟಿದ್ದ ಮೀಟರ್ ಇತ್ತು. ಅದರ ಒಂದು ತಂತಿಯ ಚಿಮಟವನ್ನು ಗಿಡದ ಬುಡಕ್ಕೆ ಕಚ್ಚಿಸಿ, ಇನ್ನೊಂದು ತಂತಿಯ ಕಡ್ಡಿಯನ್ನು ಒದ್ದೆ ಮಣ್ಣಿಗೆ ಚುಚ್ಚಿದರೆ ಸಾಕು. ನೆಲದೊಳಗೆ ಬೇರು ಎಷ್ಟು ಹರಡಿದೆಯೋ ಅಷ್ಟು ದೊಡ್ಡ ಅಂಕಿ ಮೂಡುತ್ತದೆ. ಗಿಡ ಕೀಳಬೇಕಿಲ್ಲ, ಅದಕ್ಕೆ ನೋವೂ ಇಲ್ಲ.

“ನೆಲದ ಮೇಲೆ ಎರಡೂ ಅವಳಿಜವಳಿ ಇದ್ದ ಹಾಗೆ ಕ್ಯಾಪ್ಟನ್,” ಎಂದು ವ್ಲಾಸ್ತಾ ಮೊದಲ ದಿನವೇ ಹೇಳಿದ್ದಳು. “ವ್ಯತ್ಯಾಸ ಇರೋದು ಕೆಳಗೆ. ಮೇ ತಿಂಗಳು ಒಣಗಿದಾಗ ಪಕ್ಕದ ಬಾರ್ಲಿ ಬಾಯಿ ಬಿಡ್ತಿರುತ್ತೆ, ನನ್ನದು ಆಳಕ್ಕೆ ಹೋಗಿ ನೀರು ಕುಡ್ಕೊಂಡು ಬಂದಿರುತ್ತೆ. ಕೊಯ್ಲಲ್ಲಿ ತೂಕ ಹಾಕಿದಾಗ ಗೊತ್ತಾಗುತ್ತೆ.”

ಕದ್ದವರು ಎಲ್ಲಾದರೂ ಬಿತ್ತಿರಬಹುದೆಂದು ಸ್ಕೌಪಿಲ್ ಊರ ಸುತ್ತಿನ ಹೊಲಗಳಲ್ಲಿ ಆಗಲೇ ಮೂರು ದಿನದಿಂದ ಮಂಡಿಯೂರಿ ಕೂರುತ್ತಿದ್ದ. ಊರಿಗೆ ಅದೊಂದು ತಮಾಷೆಯಾಗಿತ್ತು. ಟ್ರ್ಯಾಕ್ಟರ್ ಮೇಲಿನಿಂದ ಯಾರೋ ಈಗಲೂ ಕೂಗಿದರು.

“ಏನ್ ಕ್ಯಾಪ್ಟನ್ರೇ, ಬಾರ್ಲಿಗೆ ಬೀಪಿ ಇಳೀತಾ?”

“ನಿನ್ನಷ್ಟಿಲ್ಲ ಬಿಡು!” ಎಂದು ಇವನೂ ಕೂಗಿದ.

ಹೊಟ್ಟೆ ಹಸಿದಿತ್ತು. ಲಿಬುಶೆಯ ಮನೆಯ ಹಂಚು ಕಂಡದ್ದೇ ಪೆಡಲ್ ತುಸು ಹಗುರಾಯಿತು.

ಲಿಬುಶೆ ವ್ಲಾಸ್ತಾಳ ಅಕ್ಕ. ಅರವತ್ತರ ಹತ್ತಿರದ ವಿಧವೆ. ತಂಗಿ ಕರೆಸಿದ ಪತ್ತೇದಾರನಿಗೆ ಮಧ್ಯಾಹ್ನದ ಊಟ ತನ್ನದೇ ಜವಾಬ್ದಾರಿ ಎಂದು ಮೊದಲ ದಿನವೇ ಘೋಷಿಸಿದ್ದಳು. ಹೆಂಡತಿ ಹೋದ ಮೇಲೆ ಡಬ್ಬಿ ಸಾರು ಬಿಸಿ ಮಾಡಿಕೊಂಡು ಬದುಕುತ್ತಿದ್ದ ಸ್ಕೌಪಿಲ್ ಈ ಮನೆಯ ಮೇಜಿನ ಮುಂದೆ ಕೂತಾಗಲೆಲ್ಲ ಪ್ರಕರಣ ಇನ್ನೊಂದಿಷ್ಟು ಉದ್ದವಾದರೆ ತಪ್ಪೇನು ಎಂದುಕೊಳ್ಳುತ್ತಿದ್ದ.

“ಕೈ ತೊಳ್ಕೊಳ್ಳಿ. ಮಂಡಿ ಮೇಲಿನ ಮಣ್ಣನ್ನೂ ಒಳಗೆ ತರ್ಬೇಡಿ,” ಎಂದಳು ಲಿಬುಶೆ ಒಲೆಯ ಮುಂದಿನಿಂದಲೇ.

“ಇವತ್ತು ಏನಿದೆ?”

“ಸಬ್ಬಸಿಗೆ ಗೊಜ್ಜು, ಮೊಟ್ಟೆ, ಹೊಸ ಆಲೂಗಡ್ಡೆ. ಬೇಡ ಅಂದ್ರೆ ಕೋಳಿಗೆ ಹಾಕ್ತೀನಿ.”

“ಕೋಳಿಗಳ ಮೇಲೆ ನನಗೆ ಅಷ್ಟೊಂದು ಪ್ರೀತಿ ಇಲ್ಲ.”

ಕೆನೆಯಲ್ಲಿ ಕುದಿದ ಸಬ್ಬಸಿಗೆಯ ಹುಳಿಸಿಹಿ ಗೊಜ್ಜನ್ನು ಅವನು ತಟ್ಟೆ ಕನ್ನಡಿಯಾಗುವವರೆಗೆ ಬಳಿದು ತಿಂದ. ಆಮೇಲೆ ಗಸಗಸೆ ತುಂಬಿದ ಸಿಹಿ ಬನ್ನು, ಕೊಲಾಚ್, ಬಂತು, ಇನ್ನೂ ಬೆಚ್ಚಗಿತ್ತು. ಜೊತೆಗೆ ದೊಡ್ಡ ಬಟ್ಟಲಲ್ಲಿ ಬಾರ್ಲಿ ಕಾಫಿ. ಲಿಬುಶೆ ಅಂಗಡಿಯ ಕಾಫಿಪುಡಿ ತರುವವಳಲ್ಲ. ಬಾರ್ಲಿಯನ್ನು ತಾನೇ ಹುರಿದು ಪುಡಿ ಮಾಡುತ್ತಿದ್ದಳು.

ಒಂದು ಗುಟುಕು ಕುಡಿದ ಸ್ಕೌಪಿಲ್ ಬಟ್ಟಲನ್ನು ಕೆಳಗಿಟ್ಟ.

ಬಿಸ್ಕತ್ತಿನ ಪರಿಮಳ. ಅದರ ಅಡಿಯಲ್ಲಿ, ಸಣ್ಣಗೆ, ಶಾಜೀರಿಗೆ.

“ಯಾಕೆ, ಸಕ್ಕರೆ ಕಮ್ಮಿ ಆಯ್ತಾ?” ಎಂದಳು ಲಿಬುಶೆ.

“ಇಲ್ಲ ಇಲ್ಲ. ಬಿಸಿ ಇದೆ.”

ಬಾರ್ಲಿ ಕಾಫಿ ಕುಡಿಯದ ಮನೆ ಈ ಊರಲ್ಲಿ ಯಾವುದು, ಎಂದು ಅವನು ತನಗೆ ತಾನೇ ಹೇಳಿಕೊಂಡ. ಬ್ರೆಡ್ಡಿನ ತಟ್ಟೆಯಲ್ಲೇ ಬಾರ್ಲಿ ಹುರಿಯದ ಹೆಂಗಸು ಯಾರು? ಹೀಗೆ ಹೇಳಿಕೊಂಡರೂ ಎರಡನೆಯ ಕೊಲಾಚ್ ಕೈಯಲ್ಲೇ ಉಳಿಯಿತು. ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಇಷ್ಟು ಒಳ್ಳೆಯ ಊಟ ಹಾಕಿದವಳನ್ನು ಅನುಮಾನದ ಕಣ್ಣಿಂದ ನೋಡುವ ಈ ಹಾಳು ಚಟ ನಿವೃತ್ತಿಯಾದರೂ ಬಿಡಲಿಲ್ಲವಲ್ಲ!

ಕಿಟಕಿಯಾಚೆ, ಕೋಳಿಗೂಡಿನ ಪಕ್ಕ, ಹಾಸಿಗೆಯಷ್ಟಗಲದ ಒಂದು ಪಟ್ಟಿಯಲ್ಲಿ ಬಾರ್ಲಿ ಬೆಳೆದು ನಿಂತಿತ್ತು. ಕೋಳಿಗಳಿಗೆಂದು ಪ್ರತಿ ವಸಂತದಲ್ಲಿ ಬಿತ್ತುವುದು. ಅವನು ದಿನಾ ನೋಡುತ್ತಿದ್ದ, ದಿನಾ ದಾಟಿ ಹೋಗುತ್ತಿದ್ದ.

ಒಂದು ಸಲ ಮೀಟರ್ ಹಿಡಿದರೆ ಮುಗಿಯಿತು, ಎಂದುಕೊಂಡ. ಮಾಮೂಲಿ ಅಂಕಿ ಬರುತ್ತದೆ. ಅನುಮಾನ ತೊಳೆದುಹೋಗುತ್ತದೆ. ಒಳಗೆ ಬಂದು ಈ ಕೊಲಾಚನ್ನು ನೆಮ್ಮದಿಯಾಗಿ ತಿನ್ನುತ್ತೇನೆ.

ಚೀಲ ಎತ್ತಿಕೊಂಡು ಹಿತ್ತಲಿಗೆ ಹೋದ. ಕೋಳಿಗಳು ಕೊಕ್ಕೊಕ್ ಎನ್ನುತ್ತ ಪಕ್ಕಕ್ಕೆ ಸರಿದವು. ಮಂಡಿಯೂರಿ ಚಿಮಟವನ್ನು ಒಂದು ಗಿಡದ ಬುಡಕ್ಕೆ ಕಚ್ಚಿಸಿದ, ಕಡ್ಡಿಯನ್ನು ಒದ್ದೆ ಮಣ್ಣಿಗೆ ಚುಚ್ಚಿದ.

ಊರ ಹೊಲಗಳಲ್ಲೆಲ್ಲ ಒಂದರ ಆಸುಪಾಸಿನಲ್ಲೇ ಆಡುತ್ತಿದ್ದ ಅಂಕಿ ಎರಡು ದಾಟಿ ನಿಂತಿತು.

ಚಿಮಟ ಸರಿಯಾಗಿ ಕಚ್ಚಿಲ್ಲವೇನೋ ಎಂದು ಒರೆಸಿ ಮತ್ತೆ ಹಾಕಿದ. ಅದೇ ಅಂಕಿ. ಪಕ್ಕದ ಗಿಡ, ಅದರಾಚೆಯದು, ಮೂಲೆಯದು. ಎಲ್ಲವೂ ಎರಡರ ಮೇಲೆ.

ಮಣ್ಣು ಬೇರೆಯಾದರೆ ಅಂಕಿಯೂ ಬೇರೆಯಾಗಬಹುದು ಎಂದು ವ್ಲಾಸ್ತಾ ಎಚ್ಚರಿಸಿದ್ದಳು. ಬೇಲಿಯ ಆಚೆಗೇ ಪಕ್ಕದವರ ಬಾರ್ಲಿ ಹೊಲ. ಅದೇ ಮಣ್ಣು, ಅದೇ ಮಳೆ. ಬೇಲಿಯ ಸಂದಿಯಲ್ಲಿ ಕೈ ತೂರಿಸಿ ಒಂದು ಗಿಡಕ್ಕೆ ಚಿಮಟ ಹಾಕಿದ. ಒಂದರ ಹತ್ತಿರವೇ ನಿಂತಿತು.

ಸ್ಕೌಪಿಲ್ ಚಿಮಟ ಬಿಚ್ಚಿಕೊಂಡ. ಬೆನ್ನ ಹಿಂದೆ ಅಡುಗೆಮನೆಯ ಬಾಗಿಲು ತೆರೆದ ಸದ್ದಾಯಿತು. ಲಿಬುಶೆ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಹೊಸ್ತಿಲಲ್ಲಿ ನಿಂತಿದ್ದಳು. ಏನಾಯಿತೆಂದು ಅವಳು ಕೇಳಲಿಲ್ಲ. ಅದೇ ಅವನ ಎದೆಗೆ ಭಾರವಾದದ್ದು.

“ಒಂದು ಗಿಡ ಅಗೀಬೇಕಿತ್ತು,” ಎಂದ.

“ಸಲಿಕೆ ಗೂಡಿನ ಹಿಂದೆ ಇದೆ. ಅಂಚಿಂದ ತೆಗೀರಿ. ನಡುವೆ ಕೈ ಹಾಕ್ಬೇಡಿ.”

ಅವನು ಅಂಚಿನ ಒಂದು ಗಿಡದ ಸುತ್ತ ಅಗಲವಾಗಿ, ಆಳವಾಗಿ ಅಗೆದ. ಹೆಂಟೆಯನ್ನೇ ಎತ್ತಿ ಮಳೆನೀರಿನ ಪೀಪಾಯಿಯಲ್ಲಿ ಮುಳುಗಿಸಿ ಮೆಲ್ಲಗೆ ಅಲುಗಾಡಿಸಿದ. ಕಪ್ಪು ಮಣ್ಣು ಕರಗಿ ಇಳಿಯುತ್ತಿದ್ದಂತೆ ಬೇರುಗಳು ಬಿಚ್ಚಿಕೊಂಡವು. ಬಿಳಿ ಗಡ್ಡದಂತೆ ದಟ್ಟವಾಗಿ, ಒಂದರೊಳಗೊಂದು ಹೆಣೆದು, ಕೆಳಗೆ ಕೆಳಗೆ ಇಳಿದುಹೋಗಿದ್ದವು. ತುದಿಗಳು ಸಲಿಕೆಗೆ ಸಿಕ್ಕು ಕತ್ತರಿಸಿಹೋಗಿದ್ದವು, ಅಲ್ಲಿಂದ ಮುಂದಿನದು ಇನ್ನೂ ನೆಲದೊಳಗೇ ಇತ್ತು. ಅಂಥ ಚೆಂದದ ಬೇರನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. ಆ ಗಳಿಗೆಯಲ್ಲೂ ಅವನಿಗೆ ಖುಷಿಯಾಯಿತು.

ಹೊರಗೆ ಕಾರು ನಿಂತಿತು. ಗೇಟು ಕಿರುಗುಟ್ಟಿತು.

“ಅಕ್ಕಾ, ನನಗೇನಾದ್ರೂ ಉಳಿಸಿದೀಯೋ ಇಲ್ಲ ಕ್ಯಾಪ್ಟನ್ನೇ ಎಲ್ಲ ಮುಗ್ಸಿದ್ರೋ?” ಎನ್ನುತ್ತ ವ್ಲಾಸ್ತಾ ಮನೆ ಬಳಸಿಕೊಂಡು ಹಿತ್ತಲಿಗೆ ಬಂದಳು. ಕುಳ್ಳಗಿನ ಹೆಂಗಸು, ಬಿಸಿಲಿಗೆ ಕಂದಿದ ಮುಖ, ರಬ್ಬರ್ ಬೂಟು. ಮಾತು ಅರ್ಧಕ್ಕೇ ನಿಂತಿತು.

ಪೀಪಾಯಿಯ ಹತ್ತಿರ ಬಂದು ಆ ಗಿಡವನ್ನು ಅವನ ಕೈಯಿಂದ ತೆಗೆದುಕೊಂಡಳು. ಬೇರಿನೊಳಗೆ ಬೆರಳಾಡಿಸಿದಳು. ಮಗಳ ತಲೆ ಬಾಚುವ ತಾಯಿಯಂತೆ ಎಳೆ ಎಳೆ ಬಿಡಿಸಿ ನೋಡಿದಳು. ನೀರು ಅವಳ ತೋಳಿನುದ್ದಕ್ಕೂ ಇಳಿದು ಬ್ಲೌಸು ಒದ್ದೆಯಾದರೂ ಪರಿವೆಯಿರಲಿಲ್ಲ.

“ನನ್ನದೇ,” ಎಂದಳು. “ಕ್ಯಾಪ್ಟನ್, ಇದು ನನ್ನದೇ! ಎಲ್ಲಿ ಸಿಕ್ತು?”

“ನೀವು ನಿಂತಿದೀರಲ್ಲ, ಅದರ ಪಕ್ಕದಲ್ಲೇ.”

ವ್ಲಾಸ್ತಾ ಕೋಳಿಗೂಡಿನ ಪಟ್ಟಿಯನ್ನು ನೋಡಿದಳು. ಮೊದಲು ನಕ್ಕಳು. ನಗು ನಿಧಾನವಾಗಿ ಆರಿತು.

“ಇಲ್ಲ. ಆಗಲ್ಲ. ಇದನ್ನ ಬಿತ್ತಿದ್ದು ನಾನೇ. ಮಾರ್ಚಲ್ಲಿ, ನನ್ನ ಕೈಯಾರೆ. ಕೋಳಿಗೆ ಅಂತ ಅಕ್ಕ ತಂದಿಟ್ಟ ಮಾಮೂಲಿ ಬಾರ್ಲಿ ಅದು. ಕೇಂದ್ರದ ಬೀಜ ಬೇರೆ ಚೀಲದಲ್ಲಿತ್ತು.”

“ಬಿತ್ತೋ ಹಿಂದಿನ ದಿನ ಆ ಚೀಲ ಎಲ್ಲಿತ್ತು?”

“ಇಲ್ಲೇ. ಹಿಮ ಬೀಳ್ತಿತ್ತು, ನಾನು ಇಲ್ಲೇ ಉಳ್ಕೊಂಡೆ. ಎರಡೂ ಚೀಲ ಅಡುಗೆಮನೆ ಬೆಂಚಿನ ಮೇಲೆ…” ಅವಳು ಮಾತು ನಿಲ್ಲಿಸಿ ಅಕ್ಕನ ಕಡೆ ತಿರುಗಿದಳು.

ಲಿಬುಶೆ ಹೊಸ್ತಿಲು ಇಳಿದು ಬಂದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಬಹಳ ದಿನ ಹೊತ್ತುಕೊಂಡಿದ್ದ ಬುಟ್ಟಿಯನ್ನು ಇಳಿಸಿದವಳ ಆಯಾಸ ಇತ್ತು.

“ಚೀಲದೊಳಗಿನದನ್ನ ಅದಲುಬದಲು ಮಾಡಿದ್ದು ನಾನೇ,” ಎಂದಳು.

“ಡಬ್ಬೀಲಿದ್ದ ಬೀಜ?” ಎಂದ ಸ್ಕೌಪಿಲ್.

“ಅದನ್ನ ಹುರಿದಿದ್ದೂ ನಾನೇ. ಬೀಜದ ಕೋಣೆಯ ಇವಳ ಕೀಲಿಕೈ ನನ್ನ ಒಲೆ ಪಕ್ಕದ ಮೊಳೆ ಮೇಲೇ ತೂಗಾಡ್ತಿರುತ್ತಲ್ಲ. ಡಬ್ಬಿ ತಂದೆ, ಬ್ರೆಡ್ ತಟ್ಟೇಲಿ ಹುರಿದೆ, ವಾಪಸ್ ಇಟ್ಟೆ. ಜೀವ ಇರೋ ಕಾಳು ಏನೇ ಉಳಿದ್ರೂ ನನ್ನ ಕಣ್ಣೆದುರಿಗೇ ಉಳೀಲಿ ಅಂತ.”

“ಅಕ್ಕಾ!” ವ್ಲಾಸ್ತಾಳ ದನಿ ಒಡೆಯಿತು. “ನನ್ನ ಇಷ್ಟು ವರ್ಷದ ಕೆಲಸನ ಬ್ರೆಡ್ ತಟ್ಟೆ ಮೇಲೆ ಹಾಕಿ ಹುರಿದ್ಯಾ? ಊರೆಲ್ಲ ನನ್ನ ಸುಳ್ಳಿ ಅಂತು. ಅದನ್ನ ಕೇಳ್ಕೊಂಡು ನನಗೆ ದಿನಾ ಊಟ ಹಾಕ್ತಿದ್ಯಾ?”

“ಹಾಕ್ತಿದ್ದೆ. ನೀನು ನನ್ನ ತಂಗಿ. ಹಸ್ಕೊಂಡು ಇರು ಅನ್ನಲಾ?”

ಸ್ಕೌಪಿಲ್ ಮೀಟರಿನ ತಂತಿ ಸುತ್ತತೊಡಗಿದ. ಕೈಗೆ ಏನಾದರೂ ಕೆಲಸ ಬೇಕಿತ್ತು. ಕಳ್ಳರು ಅತ್ತಿದ್ದನ್ನು ನೋಡಿದ್ದ, ಓಡಿದ್ದನ್ನು ನೋಡಿದ್ದ. ಹೀಗೆ ಏಪ್ರನ್ ಕಟ್ಟಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು, ತಪ್ಪು ಮಾಡಿದೆನೆಂಬ ಸುಳಿವೇ ಇಲ್ಲದೆ ಒಪ್ಪಿಕೊಂಡವರನ್ನು ನೋಡಿರಲಿಲ್ಲ. ಅವಳು ನಷ್ಟ ಮಾಡಿದವಳಂತೆ ಕಾಣಲಿಲ್ಲ, ಕಾವಲು ಕೂತವಳಂತೆ ಕಾಣುತ್ತಿದ್ದಳು.

“ಲಿಬುಶೆ,” ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ಯಾಕೆ ಮಾಡಿದ್ರಿ?”

“ಯಾಕೆ ಅಂತ ಕೇಳ್ಬೇಡಿ ಕ್ಯಾಪ್ಟನ್ರೇ. ಯಾರಿಂದ ಬಚ್ಚಿಟ್ರಿ ಅಂತ ಕೇಳಿ.”

“ಸರಿ. ಯಾರಿಂದ?”

ಲಿಬುಶೆ ಗದ್ದ ಎತ್ತಿ ತಂಗಿಯ ಕಡೆ ತೋರಿಸಿದಳು.

“ಇವಳಿಂದ.”

ವ್ಲಾಸ್ತಾ ಗಿಡವನ್ನು ಎದೆಗವಚಿಕೊಂಡಳು.

“ಶುಕ್ರವಾರ ಪರೀಕ್ಷಕರು ಬರ್ತಾರೆ ಅಂತ ಹೇಳಿದಾಳಲ್ಲ ನಿಮಗೆ?” ಲಿಬುಶೆ ಸ್ಕೌಪಿಲ್‌ನನ್ನೇ ನೋಡುತ್ತ ಕೇಳಿದಳು. “ಅಷ್ಟರೊಳಗೆ ಬಾರ್ಲಿ ಹುಡುಕಿಕೊಡಿ ಅಂತ ಗೋಗರೆದಳಲ್ಲ?”

“ಹೌದು. ಕೃಷಿ ಇಲಾಖೆಯವರು.”

“ಇಲಾಖೆಗೆ ಒಂದು ಫೋನ್ ಮಾಡಿ ನೋಡಿ. ಅವರು ಯಾರನ್ನೂ ಕಳಿಸ್ತಿಲ್ಲ. ಶುಕ್ರವಾರ ಬರೋರು ಪರೀಕ್ಷಕರೇ ಅಲ್ಲ.”

ಅಗೆದ ಗುಂಡಿಗೆ ಕೋಳಿಯೊಂದು ಇಳಿದು ಕೆದಕತೊಡಗಿತು. ಸ್ಕೌಪಿಲ್ ವ್ಲಾಸ್ತಾಳ ಕಡೆ ತಿರುಗಿದ. ಅವಳು ಈಗ ನಗುತ್ತಾಳೆ, ಅಕ್ಕನಿಗೆ ಹುಚ್ಚು ಹಿಡಿದಿದೆ ಎನ್ನುತ್ತಾಳೆ, ಬೈಯುತ್ತಾಳೆ ಎಂದು ಕಾದ.

ವ್ಲಾಸ್ತಾ ನಗಲಿಲ್ಲ. ಕೈಯಲ್ಲಿದ್ದ ಗಿಡವನ್ನು, ಒಂದು ಎಳೆಯೂ ಮುರಿಯದಂತೆ, ಪೀಪಾಯಿಯ ನೀರಿಗೆ ಇಳಿಬಿಟ್ಟಳು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಆಮೇಲೆ, ಪತ್ತೇದಾರ ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ, ಅಕ್ಕನೊಬ್ಬಳಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದಳು:

“ಅವರ ವಿಷಯ ನಿನಗೆ ಹೇಳಿದ್ದು ಯಾರು?”